ಅಂಕಿಯ ಜೊತೆ ಏಕಮಾನ ಬರೆಯಿರಿ: ರಸಾಯನಶಾಸ್ತ್ರದ ಲೆಕ್ಕಗಳಿಗೆ ಒಂದು ಮಾರ್ಗದರ್ಶಿ

ಮೊದಲ ಪಿಯುಸಿ ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಏಕಮಾನ, ಮೋಲ್, ಮೋಲಾರಿಟಿ ಎಲ್ಲ ಒಟ್ಟಿಗೆ ಎದುರಾಗುತ್ತವೆ. ಎಷ್ಟೋ ಮಕ್ಕಳು ಇಲ್ಲೇ ತಡವರಿಸುತ್ತಾರೆ. ಸಾವಿರದಿಂದ ಗುಣಿಸಬೇಕೋ ಭಾಗಿಸಬೇಕೋ ಗೊತ್ತಾಗುವುದಿಲ್ಲ. ಆಮೇಲೆ ಒಂದೊಂದು ಬಗೆಯ ಲೆಕ್ಕಕ್ಕೂ ಒಂದೊಂದು ಸೂತ್ರ ಬಾಯಿಪಾಠ ಮಾಡಲು ಶುರು ಮಾಡುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಆ ಸೂತ್ರ ಕೈಕೊಡುತ್ತದೆ.

ಅಷ್ಟು ಸೂತ್ರಗಳು ಬೇಕಾಗಿಯೇ ಇಲ್ಲ. ಅಂಕಿಯ ಜೊತೆ ಏಕಮಾನವನ್ನೂ ಬರೆದು, ಅದನ್ನು ಲೆಕ್ಕದ ಕೊನೆವರೆಗೂ ಬಿಡದೆ ಒಯ್ದರೆ ಸಾಕು. ಗುಣಿಸಬೇಕೋ ಭಾಗಿಸಬೇಕೋ ಅನ್ನುವುದನ್ನು ಏಕಮಾನವೇ ಹೇಳುತ್ತದೆ. ಈ ಲೇಖನ ಪೂರ್ತಿ ಇದೊಂದೇ ಕೆಲಸವನ್ನು ಬೇರೆ ಬೇರೆ ಕಡೆ ಮಾಡಿ ತೋರಿಸುತ್ತದೆ. ಪೆನ್ನು, ಹಾಳೆ, ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಎಷ್ಟು, ಯಾವ ಏಕಮಾನ, ಯಾವುದರದ್ದು

ಯಾವುದೇ ಅಳತೆ ಬರೆಯುವಾಗ ಮೂರು ವಿಷಯ ಬರೆಯಿರಿ. ಅಂಕಿ, ಏಕಮಾನ, ವಸ್ತುವಿನ ಹೆಸರು. ಸುಮ್ನೆ "3.15" ಅಲ್ಲ, "3.15 ಗ್ರಾಂ" ಅಂದರೂ ಸಾಲದು. "3.15 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು" ಅಂತ ಬರೆಯಬೇಕು.

ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಎಷ್ಟು ಮುಖ್ಯ ಅನ್ನೋದಕ್ಕೆ ಗೊಬ್ಬರದ ಚೀಲ ನೋಡಿ. ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದೆ. ಮೊದಲನೆಯದು ಸಾರಜನಕದ ಶೇಕಡಾವಾರು. ಎರಡನೆಯದು ರಂಜಕದ್ದು ಅಂತ ಅನೇಕರು ಅಂದುಕೊಳ್ಳುತ್ತಾರೆ, ಆದರೆ ಅದು ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕದಲ್ಲಿ ಹೇಳಿದ ಅಂಕಿ. 142 ಗ್ರಾಂ ಪೆಂಟಾಕ್ಸೈಡ್‌ನಲ್ಲಿ ರಂಜಕ ಇರುವುದು 62 ಗ್ರಾಂ ಮಾತ್ರ. ಹಾಗಾಗಿ 46ನ್ನು 62ರಿಂದ ಗುಣಿಸಿ 142ರಿಂದ ಭಾಗಿಸಿದರೆ ಸುಮಾರು 20 ಬರುತ್ತದೆ. 50 ಕೆಜಿ ಚೀಲದಲ್ಲಿ ನಿಜವಾದ ರಂಜಕ ಸುಮಾರು 10 ಕೆಜಿ, 23 ಕೆಜಿ ಅಲ್ಲ.

ಕುಡಿಯುವ ನೀರಿನ ನೈಟ್ರೇಟ್ ಮಿತಿಯಲ್ಲೂ ಇದೇ ಕತೆ. ಭಾರತದ ಮಾನದಂಡದಲ್ಲಿ ಲೀಟರಿಗೆ 45 ಮಿಲಿಗ್ರಾಂ. ಅಮೆರಿಕದಲ್ಲಿ 10 ಮಿಲಿಗ್ರಾಂ. ನೋಡಿದರೆ ಅವರದ್ದು ನಾಲ್ಕೂವರೆ ಪಟ್ಟು ಕಟ್ಟುನಿಟ್ಟು ಅನ್ನಿಸುತ್ತದೆ, ಅಲ್ವಾ? ನಮ್ಮ 45 ನೈಟ್ರೇಟಿನ ತೂಕ. ಅವರ 10 ಆ ನೈಟ್ರೇಟ್ ಒಳಗಿನ ಸಾರಜನಕದ ತೂಕ ಮಾತ್ರ. ನೈಟ್ರೇಟ್‌ನ 62 ಭಾಗದಲ್ಲಿ ಸಾರಜನಕ 14 ಭಾಗ. 45 × 14 ÷ 62 = 10.2. ಎರಡೂ ಹೆಚ್ಚುಕಡಿಮೆ ಒಂದೇ ಮಿತಿ.

ಎರಡನೇ ಹೆಜ್ಜೆ: ಒಂದಕ್ಕೆ ಸಮನಾದ ಭಿನ್ನರಾಶಿ

1000 ಮಿಲಿಲೀಟರ್ ಮತ್ತು 1 ಲೀಟರ್ ಒಂದೇ. ಹಾಗಾದರೆ 1000 ಮಿಲಿಲೀಟರನ್ನು 1 ಲೀಟರಿನಿಂದ ಭಾಗಿಸಿದರೆ ಬೆಲೆ ಒಂದು. ಒಂದರಿಂದ ಏನನ್ನು ಗುಣಿಸಿದರೂ ಅದರ ಬೆಲೆ ಬದಲಾಗುವುದಿಲ್ಲ, ಏಕಮಾನ ಮಾತ್ರ ಬದಲಾಗುತ್ತದೆ. ಪರಿವರ್ತನೆಯ ಗುಟ್ಟು ಇಷ್ಟೇ.

2.5 ಲೀಟರನ್ನು ಮಿಲಿಲೀಟರ್ ಮಾಡಬೇಕು ಅಂದುಕೊಳ್ಳಿ.

2.5 ಲೀಟರ್ × (1000 ಮಿಲಿಲೀಟರ್ ÷ 1 ಲೀಟರ್) = 2500 ಮಿಲಿಲೀಟರ್

ಮೇಲಿನ ಲೀಟರ್ ಮತ್ತು ಕೆಳಗಿನ ಲೀಟರ್ ಹೊಡೆದು ಹೋದವು. ಉಳಿದದ್ದು ಮಿಲಿಲೀಟರ್. ಭಿನ್ನರಾಶಿಯನ್ನು ತಲೆಕೆಳಗಾಗಿ ಬರೆದಿದ್ದರೆ ಏನಾಗುತ್ತಿತ್ತು? ಲೀಟರ್ ವರ್ಗ ಭಾಗಿಸು ಮಿಲಿಲೀಟರ್ ಅನ್ನೋ ಅರ್ಥವಿಲ್ಲದ ಏಕಮಾನ ಬರುತ್ತಿತ್ತು. ಅಂಥದ್ದು ಕಂಡ ಕೂಡಲೇ ಭಿನ್ನರಾಶಿ ತಿರುಗಿಸಿ. ಅಂಕಿ ತಪ್ಪಾದರೆ ಕಣ್ಣಿಗೆ ಕಾಣುವುದಿಲ್ಲ, ಏಕಮಾನ ತಪ್ಪಾದರೆ ಥಟ್ಟನೆ ಕಾಣುತ್ತದೆ. ಏಕಮಾನ ಬರೆಯಿರಿ ಅಂತ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕಿಲೋ ಅಂದರೆ ಸಾವಿರ ಪಟ್ಟು. ಡೆಸಿ ಹತ್ತನೇ ಒಂದು ಭಾಗ, ಸೆಂಟಿ ನೂರನೇ ಒಂದು, ಮಿಲಿ ಸಾವಿರದ ಒಂದು, ಮೈಕ್ರೋ ಹತ್ತು ಲಕ್ಷದ ಒಂದು, ನ್ಯಾನೋ ನೂರು ಕೋಟಿಯ ಒಂದು, ಪಿಕೋ ಲಕ್ಷ ಕೋಟಿಯ ಒಂದು ಭಾಗ. ಇವಿಷ್ಟು ಗೊತ್ತಿದ್ದರೆ ಪಿಯುಸಿ ದಾಟಬಹುದು. ಪರಮಾಣುಗಳ ನಡುವಿನ ದೂರ ಹೇಳುವಾಗ ಹಳೆಯ ಪುಸ್ತಕಗಳಲ್ಲಿ ಆಂಗ್‌ಸ್ಟ್ರಾಮ್ ಸಿಗುತ್ತದೆ. ಅದು 100 ಪಿಕೋಮೀಟರ್.

ಮಿಲಿ ಮತ್ತು ಮೈಕ್ರೋ ನಡುವೆ ಮಾತ್ರ ಎಚ್ಚರ ಇರಲಿ, ಪರೀಕ್ಷೆಯಲ್ಲಷ್ಟೇ ಅಲ್ಲ, ಮನೆಯಲ್ಲೂ. ಥೈರಾಯ್ಡ್ ಮಾತ್ರೆಯ ಮೇಲಿನ 50 ಅಂದರೆ 50 ಮೈಕ್ರೋಗ್ರಾಂ. ಅದು 0.05 ಮಿಲಿಗ್ರಾಂ. ಅದನ್ನು 50 ಮಿಲಿಗ್ರಾಂ ಅಂತ ಓದಿದರೆ ಸಾವಿರ ಪಟ್ಟು ವ್ಯತ್ಯಾಸ.

ಇನ್ನೊಂದು ಕಡೆ ಜನ ಎಡವುತ್ತಾರೆ. 1 ಮೀಟರ್ ಅಂದರೆ 100 ಸೆಂಟಿಮೀಟರ್, ಹಾಗಾಗಿ 1 ಘನ ಮೀಟರ್ ಅಂದರೆ 100 ಘನ ಸೆಂಟಿಮೀಟರ್ ಅಂತ ಬರೆದುಬಿಡುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಕಡೆ ನೂರು ಬರಬೇಕು. 100 × 100 × 100, ಅಂದರೆ 10 ಲಕ್ಷ ಘನ ಸೆಂಟಿಮೀಟರ್. 1 ಘನ ಸೆಂಟಿಮೀಟರ್ ಮತ್ತು 1 ಮಿಲಿಲೀಟರ್ ಒಂದೇ. ಹಾಗಾಗಿ 1 ಘನ ಮೀಟರ್ ಅಂದರೆ 1000 ಲೀಟರ್. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕನ್ನು ನೋಡಿದರೆ ಇದು ಮರೆಯುವುದಿಲ್ಲ.

ಮೂರನೇ ಹೆಜ್ಜೆ: ಗಾತ್ರದಿಂದ ತೂಕಕ್ಕೆ

ಲೀಟರಿನಿಂದ ಮಿಲಿಲೀಟರಿಗೆ ಹೋಗುವುದು ಸುಲಭ, ಎರಡೂ ಗಾತ್ರವೇ. ಲೀಟರಿನಿಂದ ಕೆಜಿಗೆ ಹೋಗಬೇಕಾದರೆ ಮಧ್ಯದಲ್ಲಿ ಒಂದು ಸೇತುವೆ ಬೇಕು. ಅದೇ ಸಾಂದ್ರತೆ. ಒಂದು ಸೇರು ಅಕ್ಕಿ ಮತ್ತು ಒಂದು ಸೇರು ಅವಲಕ್ಕಿ ತಕ್ಕಡಿಯಲ್ಲಿ ಸಮ ತೂಗುವುದಿಲ್ಲ. ದ್ರವಗಳೂ ಹಾಗೇ. ಪ್ರತಿಯೊಂದಕ್ಕೂ ತನ್ನದೇ ಸಾಂದ್ರತೆ ಇದೆ. ನೀರಿಗೆ ಮಿಲಿಲೀಟರಿಗೆ ಸುಮಾರು 1 ಗ್ರಾಂ. ವಿಮಾನದ ಇಂಧನಕ್ಕೆ ಸುಮಾರು 0.8 ಗ್ರಾಂ.

ಈ ಸೇತುವೆ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು 1983ರ ಜುಲೈ 23ರಂದು ಕೆನಡಾದಲ್ಲಿ ಜಗತ್ತು ನೋಡಿತು. ಮಾಂಟ್ರಿಯಲ್‌ನಿಂದ ಹೊರಟು ಎಡ್ಮಂಟನ್‌ಗೆ ಹೋಗಬೇಕಿದ್ದ ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕೆಜಿ ಇಂಧನ ಬೇಕಿತ್ತು. ಇಂಧನದ ಗೇಜ್ ಕೆಟ್ಟಿತ್ತು. ಹಾಗಾಗಿ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಕಡ್ಡಿ ಇಳಿಸಿ ಅಳೆದರು. 7,682 ಲೀಟರ್ ಇತ್ತು. ಅದನ್ನು 1.77ರಿಂದ ಗುಣಿಸಿ 13,597 ಕೆಜಿ ಇದೆ ಅಂದುಕೊಂಡರು.

ಆ 1.77ರ ಏಕಮಾನ ಏನು? ಲೀಟರಿಗೆ 1.77 ಪೌಂಡ್. ಕೆಜಿ ಅಲ್ಲ. ಆ ಕಾಲಕ್ಕೆ ಕೆನಡಾ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು. ಹಳೆಯ ವಿಮಾನಗಳಲ್ಲಿ ಪೌಂಡ್ ಲೆಕ್ಕ, ಈ ಹೊಸ ವಿಮಾನದಲ್ಲಿ ಕೆಜಿ ಲೆಕ್ಕ. ಬಳಸಬೇಕಿದ್ದದ್ದು ಲೀಟರಿಗೆ 0.803 ಕೆಜಿ. ನೀವೇ ಲೆಕ್ಕ ಹಾಕಿ ನೋಡಿ:

7,682 ಲೀಟರ್ × 0.803 ಕೆಜಿ/ಲೀಟರ್ = 6,169 ಕೆಜಿ

ಬೇಕಾದದ್ದು 22,300 ಕೆಜಿ. ಇನ್ನೂ 16,131 ಕೆಜಿ ಬೇಕು. ಅದನ್ನು 0.803ರಿಂದ ಭಾಗಿಸಿದರೆ ಸುಮಾರು 20,088 ಲೀಟರ್. ಅವರು ತುಂಬಿಸಿದ್ದು 5,000 ಲೀಟರಿಗಿಂತಲೂ ಕಡಿಮೆ. ವಿಮಾನದ ಎರಡೂ ಎಂಜಿನ್‌ಗಳು ಆಕಾಶದಲ್ಲೇ ನಿಂತವು. ಪೈಲಟ್‌ಗಳು ಅದನ್ನು ಗ್ಲೈಡರ್ ಥರ ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. 1.77ರ ಪಕ್ಕದಲ್ಲಿ "ಪೌಂಡ್/ಲೀಟರ್" ಅಂತ ಬರೆದು ಏಕಮಾನಗಳನ್ನು ಹೊಡೆದು ಹಾಕಿದ್ದರೆ ಉತ್ತರ ಪೌಂಡ್‌ನಲ್ಲಿ ಬಂದಿದೆ ಅಂತ ಆಗಲೇ ಕಾಣುತ್ತಿತ್ತು.

ಲ್ಯಾಬಿನಲ್ಲಿ ಸಾಂದ್ರತೆ ಬೇಕಾಗುವ ಜಾಗ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ. ಮೋಲ್ ತಿಳಿದ ಮೇಲೆ ಅದಕ್ಕೆ ಬರೋಣ.

ನಾಲ್ಕನೇ ಹೆಜ್ಜೆ: ತೂಕದಿಂದ ಮೋಲ್‌ಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಉಳಿದ ಎಲ್ಲ ಲೆಕ್ಕ ಇದರ ಮೇಲೆ ನಿಂತಿದೆ.

ರಾಸಾಯನಿಕ ಕ್ರಿಯೆಯಲ್ಲಿ ಕಣಗಳು ಎಣಿಕೆಯ ಮೇಲೆ ಸೇರುತ್ತವೆ, ತೂಕದ ಮೇಲೆ ಅಲ್ಲ. ಒಂದು ಕಣಕ್ಕೆ ಒಂದು, ಅಥವಾ ಎರಡು. ಆದರೆ ನಮ್ಮ ಕೈಯಲ್ಲಿರುವುದು ತಕ್ಕಡಿ. ತೂಕದಿಂದ ಎಣಿಕೆಗೆ ಹೋಗುವ ದಾರಿಯೇ ಮೋಲ್. 1 ಮೋಲ್ ಅಂದರೆ 6.02214076 × 10²³ ಕಣಗಳು. 2019ರ ಮೇ 20ರಿಂದ ಈ ಸಂಖ್ಯೆಯೇ ಮೋಲ್‌ನ ವ್ಯಾಖ್ಯೆ. ಅದಕ್ಕೂ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಅಂತ ಇತ್ತು. ಲೆಕ್ಕ ಮಾಡುವ ನಮಗೆ ಈ ಬದಲಾವಣೆಯಿಂದ ಏನೂ ವ್ಯತ್ಯಾಸ ಆಗುವುದಿಲ್ಲ.

ಸೇತುವೆಯ ಹೆಸರು ಮೋಲಾರ್ ದ್ರವ್ಯರಾಶಿ. ಅದರ ಏಕಮಾನ ಗ್ರಾಂ/ಮೋಲ್. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್‌ಗೆ 58.4. ಗ್ಲೂಕೋಸ್‌ಗೆ 180. ನೀರಿಗೆ 18. ಗ್ರಾಂ ಇದ್ದು ಮೋಲ್ ಬೇಕಾದರೆ ಇದರಿಂದ ಭಾಗಿಸಿ. ಮೋಲ್ ಇದ್ದು ಗ್ರಾಂ ಬೇಕಾದರೆ ಗುಣಿಸಿ. ಇದನ್ನೂ ಬಾಯಿಪಾಠ ಮಾಡಬೇಡಿ, ಏಕಮಾನ ಬರೆದರೆ ತಾನಾಗೇ ಗೊತ್ತಾಗುತ್ತದೆ.

ಮೋಲ್‌ನಲ್ಲಿ ಯೋಚಿಸಿದರೆ ಏನು ಕಾಣುತ್ತದೆ ಅನ್ನುವುದಕ್ಕೆ ಓಆರ್‌ಎಸ್ ಪೊಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ವಾಂತಿ ಭೇದಿ ಆದಾಗ ಕುಡಿಸುವ ಪುಡಿ ಅದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಒಪ್ಪಿದ ಮಿಶ್ರಣ ಒಂದು ಲೀಟರ್ ದ್ರಾವಣಕ್ಕೆ ಹೀಗಿದೆ: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ.

ಗ್ರಾಂನಲ್ಲಿ ನೋಡಿದರೆ ಗ್ಲೂಕೋಸ್ ಸಿಕ್ಕಾಪಟ್ಟೆ ಜಾಸ್ತಿ, ಉಪ್ಪು ಚೂರು. ಈಗ ಮೋಲ್‌ಗೆ ಬದಲಾಯಿಸೋಣ.

ಗ್ಲೂಕೋಸ್: 13.5 ಗ್ರಾಂ ÷ 180 ಗ್ರಾಂ/ಮೋಲ್ = 0.075 ಮೋಲ್, ಅಂದರೆ 75 ಮಿಲಿಮೋಲ್.

ಸೋಡಿಯಂ ಎರಡು ಕಡೆಯಿಂದ ಬರುತ್ತದೆ. ಉಪ್ಪಿನಿಂದ 2.6 ÷ 58.4 = 0.0445 ಮೋಲ್, ಅಂದರೆ 44.5 ಮಿಲಿಮೋಲ್. ಇಲ್ಲಿ ಬಳಸುವ ಸಿಟ್ರೇಟ್ ಹರಳಿನಲ್ಲಿ ಎರಡು ನೀರಿನ ಅಣು ಸೇರಿರುತ್ತವೆ, ಅದರ ಮೋಲಾರ್ ದ್ರವ್ಯರಾಶಿ 294. ಹಾಗಾಗಿ 2.9 ÷ 294 = 0.00986 ಮೋಲ್, ಸುಮಾರು 9.9 ಮಿಲಿಮೋಲ್. ಒಂದೊಂದು ಸಿಟ್ರೇಟ್‌ಗೂ ಮೂರು ಸೋಡಿಯಂ, ಆದ್ದರಿಂದ 29.6 ಮಿಲಿಮೋಲ್. ಎರಡನ್ನೂ ಕೂಡಿಸಿದರೆ 74ಕ್ಕಿಂತ ತುಸು ಜಾಸ್ತಿ. ಪುಸ್ತಕಗಳಲ್ಲಿ ಅದನ್ನು 75 ಅಂತ ಬರೆಯುತ್ತಾರೆ.

ಸೋಡಿಯಂ 75, ಗ್ಲೂಕೋಸ್ 75. ಸರಿಸಮ! ಇದು ಸುಮ್ನೆ ಆದದ್ದಲ್ಲ. ನಮ್ಮ ಸಣ್ಣ ಕರುಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯಾಗುತ್ತಿದ್ದರೂ ಈ ದಾರಿ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಎಣಿಕೆ ಮುಖ್ಯ. ಗ್ರಾಂ ನೋಡಿಕೊಂಡು ಕೂತವರಿಗೆ ಈ ಸಮತೋಲ ಕಾಣುವುದೇ ಇಲ್ಲ. ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು. ಒಂದು ಪೊಟ್ಟಣ ತಂದು, ಹಿಂದೆ ಬರೆದಿರುವುದನ್ನು ಓದಿ, ನೀವೇ ಮಾಡಿ ನೋಡಿ.

ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತಲೂ ಓದಿ. 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಅದನ್ನು ಒಂದು ಲೀಟರಿಗೆ ಕಲಸಿದರೆ ಐದು ಪಟ್ಟು ತೆಳುವಾಗುತ್ತದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕುವುದು ಅದಕ್ಕಿಂತ ಕೆಟ್ಟದ್ದು. ಉಪ್ಪು ಸಕ್ಕರೆ ಅತಿಯಾಗಿ, ಮಗುವಿನ ಮೈಯಿಂದಲೇ ನೀರು ಎಳೆಯುತ್ತದೆ.

ಐದನೇ ಹೆಜ್ಜೆ: ಮೋಲಾರಿಟಿ, ಲ್ಯಾಬಿನ ಕೆಲಸ

ಮೋಲಾರಿಟಿ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವುದು. "0.1 ಮೋಲಾರ್" ಅಂತ ಕಂಡಲ್ಲೆಲ್ಲ "0.1 ಮೋಲ್/ಲೀಟರ್" ಅಂತ ಬಿಡಿಸಿ ಬರೆಯಿರಿ. ಆಗ ಅದೂ ಒಂದು ಸೇತುವೆಯೇ, ಲೀಟರಿನಿಂದ ಮೋಲ್‌ಗೆ.

ಪಿಯುಸಿ ಪ್ರಯೋಗಗಳಲ್ಲಿ ಬರುವ ಕೆಲಸ: 0.1 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿಲಿಲೀಟರ್ ತಯಾರಿಸಿ. ಎಷ್ಟು ತೂಗಬೇಕು?

0.250 ಲೀಟರ್ × 0.1 ಮೋಲ್/ಲೀಟರ್ × 126 ಗ್ರಾಂ/ಮೋಲ್ = 3.15 ಗ್ರಾಂ

ಲೀಟರ್ ಹೊಡೆದು ಹೋಯಿತು, ಮೋಲ್ ಹೊಡೆದು ಹೋಯಿತು, ಗ್ರಾಂ ಉಳಿಯಿತು. ಸೂತ್ರ ಬೇಕಾಗಲಿಲ್ಲ.

ಇಲ್ಲಿ 126 ಯಾಕೆ? ಬಾಟಲಿಯಲ್ಲಿರುವ ಹರಳಿನ ಒಂದೊಂದು ಆಮ್ಲದ ಅಣುವಿನ ಜೊತೆ ಎರಡು ನೀರಿನ ಅಣು ಇರುತ್ತವೆ. ಆಮ್ಲ 90, ನೀರು 36, ಒಟ್ಟು 126. ಯಾರಾದರೂ 90 ಹಾಕಿ 2.25 ಗ್ರಾಂ ತೂಗಿದರೆ ದ್ರಾವಣ 0.1ರ ಬದಲು 0.071 ಮೋಲಾರ್ ಆಗುತ್ತದೆ. ಟೈಟ್ರೇಷನ್, ಅಂದರೆ ಮೋಲಾರಿಟಿ ಗೊತ್ತಿರುವ ದ್ರಾವಣದಿಂದ ಇನ್ನೊಂದು ದ್ರಾವಣದ ಮೋಲಾರಿಟಿ ಕಂಡುಹಿಡಿಯುವ ಪ್ರಯೋಗ, ಎಷ್ಟು ಚೆನ್ನಾಗಿ ಮಾಡಿದರೂ ಉತ್ತರ ಸರಿ ಬರುವುದಿಲ್ಲ. ತೂಗುವ ಮೊದಲು ಲೇಬಲ್ ಓದಿ, ಅದರಲ್ಲಿ ಮೋಲಾರ್ ದ್ರವ್ಯರಾಶಿಯನ್ನೇ ಅಚ್ಚು ಹಾಕಿರುತ್ತಾರೆ.

ತೂಗಿದ ಹರಳನ್ನು ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿಸಿ, ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸುರಿದು, ಬೀಕರನ್ನು ತೊಳೆದ ನೀರನ್ನೂ ಅದಕ್ಕೇ ಹಾಕಿ, ಆಮೇಲೆ ಕತ್ತಿನ ಗೆರೆಯವರೆಗೆ ನೀರು ತುಂಬಿಸಿ. 250 ಮಿಲಿಲೀಟರ್ ನೀರು ಅಳೆದು ಅದಕ್ಕೆ ಹರಳು ಹಾಕುವುದಲ್ಲ. ಮೋಲಾರಿಟಿಯ ಲೀಟರ್ ದ್ರಾವಣದ್ದು, ನೀರಿನದ್ದಲ್ಲ. ಮೊದಲ ಹೆಜ್ಜೆಯ "ಯಾವುದರದ್ದು" ಇಲ್ಲೂ ಬಂತು ನೋಡಿ.

ಟೈಟ್ರೇಷನ್ ಲೆಕ್ಕಕ್ಕೆ ಒಂದು ಸಲಹೆ. ಮೋಲ್/ಲೀಟರ್ ಮತ್ತು ಮಿಲಿಮೋಲ್/ಮಿಲಿಲೀಟರ್ ಎರಡೂ ಒಂದೇ, ಮೇಲೂ ಕೆಳಗೂ ಸಾವಿರದಿಂದ ಭಾಗಿಸಿದ್ದೇವೆ ಅಷ್ಟೆ. ಹಾಗಾಗಿ ಬ್ಯುರೆಟ್ ಪಿಪೆಟ್‌ಗಳ ಮಿಲಿಲೀಟರನ್ನು ಲೀಟರ್ ಮಾಡುವ ಗೋಜೇ ಬೇಡ. 10 ಮಿಲಿಲೀಟರ್ ಆಕ್ಸಾಲಿಕ್ ಆಮ್ಲದಲ್ಲಿ 10 × 0.1 = 1 ಮಿಲಿಮೋಲ್ ಇದೆ. ಈ ಆಮ್ಲದ ಒಂದು ಅಣುವಿಗೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಸೇರುತ್ತವೆ, ಹಾಗಾಗಿ ಎರಡು ಪಟ್ಟು, ಅಂದರೆ 2 ಮಿಲಿಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಬ್ಯುರೆಟ್‌ನಿಂದ ಅದು 19.6 ಮಿಲಿಲೀಟರ್ ಇಳಿದಿದ್ದರೆ ಅದರ ಮೋಲಾರಿಟಿ 2 ಮಿಲಿಮೋಲ್ ÷ 19.6 ಮಿಲಿಲೀಟರ್ = 0.102 ಮೋಲಾರ್. ಕ್ಯಾಲ್ಕುಲೇಟರ್ 0.10204081 ಅಂತ ತೋರಿಸುತ್ತದೆ. ಅಷ್ಟನ್ನೂ ಬರೆಯಬೇಡಿ. ನಿಮ್ಮ ಬ್ಯುರೆಟ್ ಮೂರು ಅಂಕಿಯಷ್ಟೇ ಹೇಳಿದೆ, ಉತ್ತರದಲ್ಲೂ ಮೂರು ಸಾರ್ಥಕ ಅಂಕಿ ಸಾಕು.

ಈಗ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ. ಲೇಬಲ್ ಮೇಲೆ ಮೋಲಾರಿಟಿ ಇರುವುದಿಲ್ಲ. ತೂಕದಲ್ಲಿ ಶೇಕಡಾ 37, ಸಾಂದ್ರತೆ 1.18 ಗ್ರಾಂ/ಮಿಲಿಲೀಟರ್ ಅಂತ ಇರುತ್ತದೆ. ಒಂದು ಲೀಟರಿನಿಂದ ಶುರು ಮಾಡಿ, ಒಂದೊಂದೇ ಸೇತುವೆ ದಾಟೋಣ.

1000 ಮಿಲಿಲೀಟರ್ ದ್ರಾವಣ × 1.18 ಗ್ರಾಂ/ಮಿಲಿಲೀಟರ್ = 1180 ಗ್ರಾಂ ದ್ರಾವಣ
1180 ಗ್ರಾಂ ದ್ರಾವಣ × (37 ಗ್ರಾಂ ಆಮ್ಲ ÷ 100 ಗ್ರಾಂ ದ್ರಾವಣ) = 436.6 ಗ್ರಾಂ ಆಮ್ಲ
436.6 ಗ್ರಾಂ ಆಮ್ಲ ÷ 36.5 ಗ್ರಾಂ/ಮೋಲ್ = 11.96 ಮೋಲ್

ಸುಮಾರು 12 ಮೋಲಾರ್. ಇದರಿಂದ 0.1 ಮೋಲಾರ್ ಆಮ್ಲ 250 ಮಿಲಿಲೀಟರ್ ಬೇಕೆಂದರೆ 25 ಮಿಲಿಮೋಲ್ ಬೇಕು. 25 ÷ 12 = 2.1 ಮಿಲಿಲೀಟರ್ ಸಾಕು. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಹಾಕಬೇಡಿ. ಅಧ್ಯಾಪಕರು ಪಕ್ಕದಲ್ಲಿ ಇರುವಾಗ ಮಾತ್ರ ಮಾಡಿ.

ರಕ್ತದ ವರದಿ ಬೇರೆ ದೇಶದಿಂದ ಬಂದಾಗ

ಇದು ಪುಸ್ತಕದ ಹೊರಗಿನ ಲೆಕ್ಕ, ಆದರೆ ಮಕ್ಕಳು ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಟೊರಾಂಟೋದಲ್ಲೋ ಇರುವ ಮನೆಗಳಲ್ಲಿ ಇದರ ಪ್ರಶ್ನೆ ಏಳುತ್ತದೆ. ಇಲ್ಲಿ ಅಪ್ಪನ ಶುಗರ್ 126, ಅಲ್ಲಿ ಪರೀಕ್ಷೆ ಮಾಡಿಸಿದರೆ 7. ಯಂತ್ರ ಕೆಟ್ಟಿಲ್ಲ. ನಮ್ಮಲ್ಲಿ ಮಿಲಿಗ್ರಾಂ/ಡೆಸಿಲೀಟರ್, ಅಲ್ಲಿ ಮಿಲಿಮೋಲ್/ಲೀಟರ್.

126 ಮಿಲಿಗ್ರಾಂ/ಡೆಸಿಲೀಟರ್ × 10 ಡೆಸಿಲೀಟರ್/ಲೀಟರ್ = 1260 ಮಿಲಿಗ್ರಾಂ/ಲೀಟರ್
1260 ಮಿಲಿಗ್ರಾಂ/ಲೀಟರ್ ÷ 180 ಮಿಲಿಗ್ರಾಂ/ಮಿಲಿಮೋಲ್ = 7.0 ಮಿಲಿಮೋಲ್/ಲೀಟರ್

ಹತ್ತರಿಂದ ಗುಣಿಸಿ 180ರಿಂದ ಭಾಗಿಸುವುದೂ, ನೇರವಾಗಿ 18ರಿಂದ ಭಾಗಿಸುವುದೂ ಒಂದೇ. ಜನ ಹೇಳುವ "18ರ ಲೆಕ್ಕ" ಬಂದದ್ದು ಇಲ್ಲಿಂದ. ಆದರೆ ಅದೇ 18ನ್ನು ಕೊಲೆಸ್ಟರಾಲಿಗೆ ಬಳಸಬೇಡಿ. ಅದರ ಮೋಲಾರ್ ದ್ರವ್ಯರಾಶಿ ಸುಮಾರು 387, ಹಾಗಾಗಿ 38.7ರಿಂದ ಭಾಗಿಸಬೇಕು. 200 ಅಂದರೆ ಸುಮಾರು 5.2. ವಸ್ತು ಬದಲಾದರೆ ಸೇತುವೆಯೂ ಬದಲಾಗುತ್ತದೆ.

ಬೋರ್‌ವೆಲ್ ನೀರು ಮತ್ತು ಪಿಪಿಎಂ

ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಒಂದು ಲೀಟರ್ ನೀರು ಸುಮಾರು 1 ಕೆಜಿ. 1 ಕೆಜಿ ಅಂದರೆ 10 ಲಕ್ಷ ಮಿಲಿಗ್ರಾಂ. ಹಾಗಾಗಿ ಲೀಟರಿಗೆ 1 ಮಿಲಿಗ್ರಾಂ ಅಂದರೆ 1 ಪಿಪಿಎಂ. ಇದು ನೀರಿನಂಥ ತೆಳು ದ್ರಾವಣಕ್ಕೆ ಮಾತ್ರ ಸರಿ. ಎಣ್ಣೆಗೋ ಗಟ್ಟಿ ಆಮ್ಲಕ್ಕೋ ಹಾಕಿದರೆ ಸಾಂದ್ರತೆ ಅಡ್ಡ ಬರುತ್ತದೆ. ಹಟ್ಟಿ ಚಿನ್ನದ ಗಣಿಯ ಅದಿರಿನ ಗುಣಮಟ್ಟವನ್ನು ಟನ್ನಿಗೆ ಇಷ್ಟು ಗ್ರಾಂ ಅಂತ ಹೇಳುತ್ತಾರಲ್ಲ, ಅದೂ ಪಿಪಿಎಂ ಲೆಕ್ಕವೇ. ಒಂದು ಟನ್ ಅಂದರೆ ಹತ್ತು ಲಕ್ಷ ಗ್ರಾಂ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹಳೆಯ ಸಮಸ್ಯೆ. ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಟಿಡಿಎಸ್‌ಗೆ, ಅಂದರೆ ನೀರಿನಲ್ಲಿ ಕರಗಿದ ಎಲ್ಲದರ ಒಟ್ಟು ಮೊತ್ತಕ್ಕೆ, ಈ ಅಂಕಿಗಳು 500 ಮತ್ತು 2000. ಈ ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ನೀರಿನ ವಿದ್ಯುತ್ ವಾಹಕತೆ ಅಳೆದು, ಕರಗಿದ ಎಲ್ಲ ಲವಣಗಳ ಅಂದಾಜನ್ನು ಪಿಪಿಎಂನಲ್ಲಿ ತೋರಿಸುತ್ತದೆ. 400 ಪಿಪಿಎಂ ತೋರಿಸುವ ನೀರಿನಲ್ಲಿ 3 ಪಿಪಿಎಂ ಫ್ಲೋರೈಡ್ ಇದ್ದರೆ ಅದು 1.5ರ ಮಿತಿಯ ಎರಡು ಪಟ್ಟು. ಮೀಟರ್‌ಗೆ ಅದು ಗೊತ್ತೇ ಆಗುವುದಿಲ್ಲ. "ಟಿಡಿಎಸ್ ಕಡಿಮೆ ಇದೆ, ನೀರು ಚೆನ್ನಾಗಿದೆ" ಅನ್ನುವ ಮಾತನ್ನು ಆ ಊರುಗಳಲ್ಲಿ ಯಾರೂ ನಂಬಬಾರದು. ಫ್ಲೋರೈಡನ್ನು ಪ್ರಯೋಗಾಲಯದಲ್ಲಿ ಬೇರೆಯಾಗೇ ಪರೀಕ್ಷೆ ಮಾಡಿಸಬೇಕು.

ವರದಿಯಲ್ಲಿ ಗಡಸುತನದ ಅಂಕಿ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿರುತ್ತದೆ. 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅದನ್ನು 100 ಅಂತ ಬರೆಯುತ್ತಾರೆ.

ಉಷ್ಣತೆ, ಒತ್ತಡ, ಅನಿಲ

ಉಷ್ಣತೆಯಲ್ಲಿ ಗುಣಾಕಾರವೊಂದೇ ಸಾಲದು, ಕೂಡಿಸಬೇಕು. ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಕೆಲ್ವಿನ್. ಅನಿಲದ ಲೆಕ್ಕದಲ್ಲಿ ಯಾವಾಗಲೂ ಕೆಲ್ವಿನ್ ಹಾಕಿ. ಆದರೆ ಏರಿಳಿತ ಹೇಳುವಾಗ ಕೂಡಿಸಬೇಡಿ. ನೀರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಯಿತು ಅಂದರೆ 10 ಕೆಲ್ವಿನ್‌ನಷ್ಟೇ ಬಿಸಿಯಾಯಿತು, 283 ಅಲ್ಲ.

ಒತ್ತಡದಲ್ಲಿ 1 ಅಟ್ಮಾಸ್ಫಿಯರ್ ಅಂದರೆ 1,01,325 ಪಾಸ್ಕಲ್, 1.01325 ಬಾರ್, 760 ಮಿಲಿಮೀಟರ್ ಪಾದರಸ. ಅಣ್ಣಂದಿರ ಹಳೆಯ ನೋಟ್ಸ್‌ನಲ್ಲಿ ಒಂದು ಮೋಲ್ ಅನಿಲದ ಗಾತ್ರ 22.4 ಲೀಟರ್, ಹೊಸ ಪುಸ್ತಕದಲ್ಲಿ 22.7 ಇರುವುದು ನೋಡಿ ಗಾಬರಿ ಬೇಡ. ಎರಡೂ 0 ಡಿಗ್ರಿ ಸೆಲ್ಸಿಯಸ್‌ನವು. ಹಳೆಯದು 1 ಅಟ್ಮಾಸ್ಫಿಯರ್‌ನಲ್ಲಿ, ಹೊಸದು 1 ಬಾರ್‌ನಲ್ಲಿ. ಅನಿಲದ ಒತ್ತಡ, ಗಾತ್ರ, ಮೋಲ್, ಉಷ್ಣತೆಗಳನ್ನು ಜೋಡಿಸುವ ಅನಿಲ ಸ್ಥಿರಾಂಕವೂ ಹಾಗೇ. ಒತ್ತಡ ಬಾರ್‌ನಲ್ಲಿದ್ದರೆ 0.0831, ಅಟ್ಮಾಸ್ಫಿಯರ್‌ನಲ್ಲಿದ್ದರೆ 0.0821, ಜೂಲ್ ಬೇಕಾದರೆ 8.314. ಸ್ಥಿರಾಂಕ ಒಂದೇ, ಏಕಮಾನ ಬೇರೆ.

ಅಡುಗೆ ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಅದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಲೆಕ್ಕಕ್ಕೆ ಎಲ್ಲವೂ ಬ್ಯೂಟೇನ್ ಅಂತ ಇಟ್ಟುಕೊಳ್ಳಿ. 14,200 ಗ್ರಾಂ ÷ 58 ಗ್ರಾಂ/ಮೋಲ್ = 245 ಮೋಲ್. 300 ಕೆಲ್ವಿನ್, 1 ಬಾರ್‌ನಲ್ಲಿ ಒಂದು ಮೋಲ್ ಅನಿಲಕ್ಕೆ 0.0831 × 300 = 24.9 ಲೀಟರ್ ಜಾಗ ಬೇಕು. ಗುಣಿಸಿದರೆ ಸುಮಾರು 6,100 ಲೀಟರ್. ಅಂದರೆ ಆರು ಘನ ಮೀಟರಿಗಿಂತ ಜಾಸ್ತಿ, ಒಂದು ಚಿಕ್ಕ ಅಡುಗೆ ಮನೆಯ ಕಾಲು ಭಾಗವನ್ನೇ ತುಂಬುವಷ್ಟು. ಸೋರಿಕೆಯ ವಾಸನೆ ಬಂದ ಕೂಡಲೇ ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ ಅನ್ನುವುದು ಇದಕ್ಕೇ.

ಉತ್ತರ ಬಂದ ಮೇಲೆ

ಮೊದಲು ಏಕಮಾನ ನೋಡಿ. ಕೇಳಿದ್ದು ಗ್ರಾಂ ಆಗಿದ್ದು ಬಂದದ್ದು ಮೋಲ್ ಆಗಿದ್ದರೆ ಇನ್ನೊಂದು ಸೇತುವೆ ಬಾಕಿ ಇದೆ. ಆಮೇಲೆ ಅಂಕಿ ನಂಬುವಂತಿದೆಯಾ ನೋಡಿ. 250 ಮಿಲಿಲೀಟರ್ ಫ್ಲಾಸ್ಕಿಗೆ 3150 ಗ್ರಾಂ ಹರಳು ಬೇಕು ಅಂತ ಬಂದರೆ ಎಲ್ಲೋ ಸಾವಿರ ತಪ್ಪಿದೆ. ಒಂದು ಗ್ಲಾಸ್ ನೀರಿನಲ್ಲಿ 0.0000001 ಅಣು ಇದೆ ಅಂತ ಬಂದರೆ ಗುಣಿಸುವ ಕಡೆ ಭಾಗಿಸಿದ್ದೀರಿ. ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ.

ಕೈ ಪಳಗಲು ನಾಲ್ಕು ಲೆಕ್ಕ ಕೊಡುತ್ತೇನೆ. ಉತ್ತರ ನೋಡುವ ಮೊದಲು ಏಕಮಾನ ಬರೆದು ಮಾಡಿ.

ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಶೇಕಡಾ 0.9 ಉಪ್ಪು, ಅಂದರೆ 100 ಮಿಲಿಲೀಟರಿಗೆ 0.9 ಗ್ರಾಂ. ಅದರಲ್ಲಿ ಲೀಟರಿಗೆ ಎಷ್ಟು ಮಿಲಿಮೋಲ್ ಸೋಡಿಯಂ? 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಶೇಕಡಾ 46 ಇದ್ದರೆ ಎಷ್ಟು ಕೆಜಿ? ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅದು ಎಷ್ಟು ಮೈಕ್ರೋಗ್ರಾಂ? ರಕ್ತದ ಕ್ರಿಯಾಟಿನಿನ್ 1 ಮಿಲಿಗ್ರಾಂ/ಡೆಸಿಲೀಟರ್ ಇದ್ದರೆ ಲೀಟರಿಗೆ ಎಷ್ಟು ಮೈಕ್ರೋಮೋಲ್? ಕ್ರಿಯಾಟಿನಿನ್‌ನ ಮೋಲಾರ್ ದ್ರವ್ಯರಾಶಿ 113.

ಉತ್ತರಗಳು: ಮೊದಲನೆಯದು 9 ÷ 58.4, ಅಂದರೆ 154 ಮಿಲಿಮೋಲ್. ಎರಡನೆಯದು 20.7 ಕೆಜಿ. ಮೂರನೆಯದು 10 ಮೈಕ್ರೋಗ್ರಾಂ. ಕೊನೆಯದು 10 ಮಿಲಿಗ್ರಾಂ/ಲೀಟರ್ ÷ 113 ಮಿಲಿಗ್ರಾಂ/ಮಿಲಿಮೋಲ್ = 0.0885 ಮಿಲಿಮೋಲ್/ಲೀಟರ್, ಅದನ್ನು 1000 ಮೈಕ್ರೋಮೋಲ್/ಮಿಲಿಮೋಲ್‌ನಿಂದ ಗುಣಿಸಿದರೆ ಸುಮಾರು 88 ಮೈಕ್ರೋಮೋಲ್/ಲೀಟರ್.